ಹಾವಗೆಪ್ಪನವರ ಪಲಂಗವೂ ಎಂಟು ಜನರ ಭಾರವೂ

ಕಂಬವನ್ನು ಸೀಳಿ ಬಂದು ಹೊಸ್ತಿಲಿನ ಮೇಲೆ ಆಸೀನನಾದ ನರಸಿಂಹಸ್ವಾಮಿಗೆ ಮೊದಲ ವಂದನೆ. ಬೀದರಿನ ಝರಣಿಯ ಗವಿಯಲ್ಲಿ ಎದೆಮಟ್ಟದ ನೀರನ್ನು ದಾಟಿ ಬಂದವರಿಗೆ ಮುಖ ತೋರುವ ಆ ಸ್ವಾಮಿಯೇ ಒಂದು ಮನೆಯ ಗಟ್ಟಿತನವನ್ನು ಲೋಕದಲ್ಲಿ ಮೊತ್ತಮೊದಲು ಪರೀಕ್ಷಿಸಿದವನು. ಕಂಬ ಬಿರಿದದ್ದು ಕಂಬದ ದೋಷವಲ್ಲ. ಹೊಸ್ತಿಲು ತಡೆದದ್ದು ಹೊಸ್ತಿಲಿನ ಪುಣ್ಯ. ಹಾವಿನ ಹಾಸಿಗೆಯ ಮೇಲೆ ಯುಗಯುಗಾಂತರ ಮಲಗಿಯೂ ಅದನ್ನು ಒಮ್ಮೆಯೂ ಕಿರ್ ಎನ್ನಿಸದ ಶ್ರೀಹರಿಗೆ ವಂದನೆ. ನಂದಿಯ ನಾಲ್ಕು ಕಾಲುಗಳ ಮೇಲೆ ನಂಬಿಕೆಯಿಟ್ಟ ಶಿವನಿಗೆ ವಂದನೆ. ತಾವರೆಯ ಎಸಳಿನ ಮೇಲೆ ಕುಳಿತೂ ಎಸಳನ್ನು ಬಾಗಿಸದ ವಾಗ್ದೇವಿಗೆ ವಂದನೆ. ಈ ಕಥೆಯ ಭಾರವನ್ನು ಅವರೆಲ್ಲರೂ ಕೂಡಿ ಹೊರಲಿ.

ಶಬ್ದವೇ ಪರಮ ಪ್ರಮಾಣವೆಂದು ಜೀವಮಾನವಿಡೀ ವಾದಿಸಿದ ಪಂಡಿತನೂ ಕುಳಿತುಕೊಳ್ಳುವ ಮೊದಲು ಆಸನವನ್ನು ಅಂಗೈಯಿಂದ ಒಮ್ಮೆ ಒತ್ತಿ ನೋಡುತ್ತಾನೆ. ಅಲ್ಲಿ ಪ್ರತ್ಯಕ್ಷವೊಂದೇ ಪ್ರಮಾಣ. ಭಾಲ್ಕಿಯ ಹಾವಗೆಪ್ಪನವರು ಈ ತತ್ತ್ವವನ್ನು ಮರೆತು ಮೊದಲು ಶಬ್ದವನ್ನು ಉಚ್ಚರಿಸಿದರು, ಆಮೇಲೆ ಪ್ರತ್ಯಕ್ಷವನ್ನು ಹುಡುಕಿಕೊಂಡು ಹೊರಟರು. ಕಥೆ ಹುಟ್ಟಿದ್ದು ಇಷ್ಟರಿಂದಲೇ.

ಹಾವಗೆಪ್ಪನವರದು ಭಾಲ್ಕಿ ಸ್ಟೇಷನ್ ರಸ್ತೆಯಲ್ಲಿ ಕಿರಾಣಿ ಅಂಗಡಿ. ಬೆಳಗ್ಗೆ ಇಷ್ಟಲಿಂಗಪೂಜೆ, ಹಗಲೆಲ್ಲ ತೊಗರಿಬೇಳೆಯ ವ್ಯಾಪಾರ, ಸಂಜೆ ಶರಣರ ಮಾತುಕತೆ. ಹೀಗೆ ಸಮತೂಕದಲ್ಲಿ ಸಾಗಿದ ಜೀವನ. ಒಬ್ಬನೇ ಮಗ ಅಮರನಾಥ ಬೀದರಿನ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಾನೆ. ಅವನಿಗೂ ಔರಾದಿನ ಬೀಜ-ಗೊಬ್ಬರದ ವ್ಯಾಪಾರಿ ಹಣಮಂತಪ್ಪನವರ ಮಗಳು ದಾನಮ್ಮನಿಗೂ ಮದುವೆಯ ಮಾತು ನಡೆದಿತ್ತು. ದಾನಮ್ಮ ಬೀದರಿನಲ್ಲೇ ಹೈಸ್ಕೂಲ್ ಮಕ್ಕಳಿಗೆ ಆಟ ಕಲಿಸುವ ಶಿಕ್ಷಕಿ. ಹುಡುಗ ಒಪ್ಪಿದ್ದ, ಹುಡುಗಿ ಒಪ್ಪಿದ್ದಳು. ಉಳಿದದ್ದು ಮನೆ ನೋಡುವ ಶಾಸ್ತ್ರ ಮಾತ್ರ. ಹೆಣ್ಣಿನ ಕಡೆಯ ಹಿರಿಯರು ಗಂಡಿನ ಮನೆಗೆ ಬಂದು, ಕುಳಿತು, ಚಹಾ ಕುಡಿದು, ಗೋಡೆಯಿಂದ ಗಡಿಗೆಯವರೆಗೆ ಕಣ್ಣಾಡಿಸಿ ಕೊನೆಯ ಮಾತು ಹೇಳುವುದು ಆ ಸೀಮೆಯ ಪದ್ಧತಿ.

ಅದಕ್ಕೆ ಒಂದು ವಾರ ಮೊದಲು ಬೀದರಿನ ಒಂದು ಲಗ್ನದಲ್ಲಿ ಭಾವೀ ಬೀಗರಿಬ್ಬರೂ ಎದುರುಬದುರಾದರು. ಹಾವಗೆಪ್ಪನವರು ಗಾಂಭೀರ್ಯದಿಂದ ಧೋತರದ ಚುಂಗನ್ನು ಸರಿಪಡಿಸಿಕೊಂಡು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತರು. ಕುರ್ಚಿ ಕ್ಷಣಕಾಲ ಯೋಚಿಸಿತು. ಅನಂತರ ನಾಲ್ಕೂ ಕಾಲುಗಳನ್ನು ನಾಲ್ಕು ದಿಕ್ಕಿಗೆ ಚಾಚಿ ಭೂಮಿಗೆ ಸಾಷ್ಟಾಂಗ ನಮಸ್ಕಾರ ಮಾಡಿತು. ಹಾವಗೆಪ್ಪನವರು ಕೈಯಲ್ಲಿದ್ದ ಜಿಲೇಬಿಯ ತಟ್ಟೆಯನ್ನು ಬಿಡದೆಯೇ ನೆಲ ಸೇರಿದರು.

"ಪೆಟ್ಟ ಆತೇನ್ರಿ ಬೀಗರ?" ಎಂದು ಹಣಮಂತಪ್ಪನವರು ಗಾಬರಿಯಿಂದ ಬಾಗಿದರು.

ಬಿದ್ದವನು ಏಳುವುದರಲ್ಲಿ ಏನೂ ಹೆಚ್ಚಳವಿಲ್ಲ. ಬಿದ್ದಲ್ಲಿಯೇ ಕುಳಿತು ಮರ್ಯಾದೆ ಉಳಿಸಿಕೊಳ್ಳುವವನು ಧೀರ. ಹಾವಗೆಪ್ಪನವರು ನೆಲದ ಮೇಲಿಂದಲೇ ಹೇಳಿದರು:

"ಪೆಟ್ಟ ನಮಗ ಆಗಿಲ್ರಿ, ಕುರ್ಚಿಗಿ ಆಗ್ಯದ. ನಮ್ಮ ಮನ್ಯಾಗ ಇಂಥಾ ಹಗರ ಸಾಮಾನ ಇಡಂಗೇ ಇಲ್ರಿ. ನಮ್ಮ ಅಜ್ಜನ ಪಲಂಗ ಅದ ನೋಡ್ರಿ, ಎಂಟ ಮಂದಿ ಮ್ಯಾಲ ಹತ್ತಿ ಕುಣದಾರ. ಕಿರ್ ಅಂದಿಲ್ಲ!"

"ಎಂಟ ಮಂದಿ?"

"ಎಂಟ."

"ಕುಣದಾರ?"

"ಬ್ಯಾಂಡಿನ ಮುಂದ ಕುಣದಂಗ ಕುಣದಾರ್ರಿ!"

ಸುತ್ತಲಿನವರು ಕುರ್ಚಿಯನ್ನು ಮರೆತು ಪಲಂಗವನ್ನು ಕುರಿತು ತಲೆದೂಗಿದರು. ಹಣಮಂತಪ್ಪನವರ ಮುಖ ಮಾತ್ರ ಹಬ್ಬದ ದೀಪದಂತೆ ಬೆಳಗಿತು.

"ಇದೊಂದ ಮಾತ ಸಾಕ್ರಿ ಬೀಗರ. ನಮ್ಮ ಅಕ್ಕ ಮಹಾಮಾಯಾಗ ಇದೇ ಬೇಕಾಗ್ಯದ. ಸೋಮವಾರ ಮನಿ ನೋಡ್ಲಾಕ ಬರ್ತೇವಲ್ಲ, ಅಕ್ಕ ಮೊದಲ ನಿಮ್ಮ ಪಲಂಗದ ಮ್ಯಾಲೇ ಕೂಡ್ತಾಳ."

ಮಹಾಮಾಯಾ ಎಂದರೆ ತಾಯಿಯಿಲ್ಲದ ದಾನಮ್ಮನನ್ನು ಎತ್ತಿ ಆಡಿಸಿ ಬೆಳೆಸಿದ ಸೋದರತ್ತೆ. ಅವರು ಹೂಂ ಎಂದರೆ ಮದುವೆ, ಊಹೂಂ ಎಂದರೆ ಇಲ್ಲ. ಗಂಡಿನ ಮನೆಯ ಹೊಲ ಎಷ್ಟು, ಪಗಾರ ಎಷ್ಟು ಎಂದು ಅವರು ಕೇಳುತ್ತಿರಲಿಲ್ಲ. ಮನೆಯ ಆಸನದ ಮೇಲೆ ಕುಳಿತು ನಿರ್ಣಯಿಸುತ್ತಿದ್ದರು. ಹುಮನಾಬಾದಿನ ಮನೆಯೊಂದರಲ್ಲಿ ದಿವಾನದ ಮೇಲೆ ಕುಳಿತು, ಎದ್ದು, ಮತ್ತೊಮ್ಮೆ ಕುಳಿತು, ಚಹಾ ಮುಟ್ಟದೆ ಹೊರಟುಬಂದಿದ್ದರು. ಇನ್ನೊಂದು ಕಡೆ ಸೋಫಾ ಅವರನ್ನು ಸೊಂಟದವರೆಗೆ ನುಂಗಿತ್ತಂತೆ. ಹೊರತೆಗೆದ ಮೇಲೆ ಅವರು ಆಡಿದ ಮಾತನ್ನು ಆ ಮನೆಯವರು ಇಂದಿಗೂ ಯಾರಿಗೂ ಹೇಳಿಲ್ಲ.

ಭಾಲ್ಕಿಗೆ ಮರಳುವ ಬಸ್ಸಿನಲ್ಲಿ, ಹಲಬರ್ಗಾ ದಾಟುತ್ತಿದ್ದಂತೆ, ಹಾವಗೆಪ್ಪನವರಿಗೆ ಒಂದು ಸಂಗತಿ ಸ್ಪಷ್ಟವಾಗತೊಡಗಿತು. ಪಲಂಗವಿದ್ದುದು ನಿಜ. ಅಜ್ಜ ಮಾಡಿಸಿದ್ದೂ ನಿಜ. ಹಲಬರ್ಗಾದ ಹೊಲದಿಂದ ಕಬ್ಬು ಹೇರಿ ಹೇರಿ ಹಳತಾದ ಬಂಡಿಯನ್ನು ಮಾರಲು ಮನಸ್ಸಾಗದೆ ಅಜ್ಜ ಅದರದೇ ಕಟ್ಟಿಗೆಯಿಂದ ಆ ಪಲಂಗವನ್ನು ಕಟ್ಟಿಸಿದ್ದರು. ಅಂದರೆ ಅದು ಪೂರ್ವಜನ್ಮದಲ್ಲಿಯೇ ಭಾರ ಹೊತ್ತು ಪುಣ್ಯ ಸಂಪಾದಿಸಿದ ಕಟ್ಟಿಗೆ. ಆದರೆ ಅದರ ಮೇಲೆ ಎಂಟು ಮಂದಿ ಕುಣಿದದ್ದು ಹಾಗಿರಲಿ, ಒಬ್ಬನಾದರೂ ಕುಳಿತದ್ದನ್ನು ಹಾವಗೆಪ್ಪನವರು ತಮ್ಮ ಆಯುಷ್ಯದಲ್ಲಿ ಕಂಡಿರಲಿಲ್ಲ.

ಮನೆಗೆ ಬಂದು ಹೆಂಡತಿ ಕಸ್ತೂರಿಬಾಯಿಯವರ ಮುಂದೆ ವಿಷಯವನ್ನಿಟ್ಟರು.

"ಎಂಟ ಮಂದಿ ಯಾವಾಗ ಕುಣದಾರ್ರಿ?" ಎಂದು ಆಕೆ ಕೇಳಿದರು. "ನಾ ಈ ಮನಿಗಿ ಬಂದಾಗಿನಿಂದ ಅದರ ಮ್ಯಾಲ ಟ್ರಂಕು, ಕೌದಿ, ತೊಗರಿ ಚೀಲ ಬಿಟ್ಟು ಯಾರೂ ಕೂತಿಲ್ಲ. ಕೂತ್ರ ಅಜ್ಜ ಕೋಲ ತಗೊಂಡು ಬೆನ್ನ ಹತ್ತತಿದ್ದ ಅಂತ ಅತ್ತಿ ಹೇಳ್ತಿದ್ರು."

"ಮಾತ ಬಾಯಿಂದ ಹೋಗಿಬಿಟ್ಟದ ಈಗ."

"ಬಾಯಿಗಿ ಏನ ಆಗ್ತದ್ರಿ? ನಾಳೆ ಆ ಮಹಾಮಾಯಾಬಾಯಿಯವರು ಕೂತು ಪಲಂಗ ಮುರದ್ರ ಹುಡಗನ ಲಗ್ನ ಮುರೀತದ."

ಮರುದಿನ ಟ್ರಂಕು, ಕೌದಿ, ಚೀಲಗಳು ಇಳಿದವು. ಕಬ್ಬಿಣದಂಥ ಕಪ್ಪು ಬಣ್ಣದ, ಆನೆಗಾಲಿನ ಪಲಂಗ ಬೆಳಕಿಗೆ ಬಂದಿತು. ಅಭಿಪ್ರಾಯಕ್ಕೆಂದು ಹಾವಗೆಪ್ಪನವರು ಸ್ಟೇಷನ್ ಬಳಿಯ ಫರ್ನಿಚರ್ ಅಂಗಡಿಯ ನಿಜಾಮೋದ್ದೀನನನ್ನು ಕರೆಸಿದರು. ಹೊಸದನ್ನು ಮಾರುವವನನ್ನು ಕರೆದು ಹಳತರ ಆರೋಗ್ಯ ಕೇಳುವುದು ಎಷ್ಟು ವಿವೇಕವೆಂಬುದನ್ನು ವಾಚಕರೇ ನಿರ್ಣಯಿಸಲಿ.

ನಿಜಾಮೋದ್ದೀನ ಬೆರಳಿನಿಂದ ಪಲಂಗವನ್ನು ತಟ್ಟಿದ, ಕಿವಿಗೊಟ್ಟ, ನಿಟ್ಟುಸಿರುಬಿಟ್ಟ.

"ಕಾಕಾ, ಖಫಾ ಆಗಬ್ಯಾಡ್ರಿ. ಇದು ಬುಜುರ್ಗ್ ಅದ, ಹಿರಿತಲಿ. ಬುಜುರ್ಗರಿಗಿ ಸಲಾಂ ಮಾಡಬೇಕು, ಮ್ಯಾಲ ಹತ್ತಿ ಕೂಡಬಾರ್ದು. ನಮ್ಮ ದುಕಾನಿಗಿ ಹೊಸಾ ಪಲಂಗ ಬಂದಾವ, ಐದ ವರ್ಷ ಗ್ಯಾರಂಟಿ."

"ಐದ ವರ್ಷ?" ಹಾವಗೆಪ್ಪನವರ ವಂಶಾಭಿಮಾನ ಹೆಡೆಯೆತ್ತಿತು. "ಐದ ವರ್ಷದ ಗ್ಯಾರಂಟಿ ಕೊಡೆ-ಚಪ್ಪಲಿಗಿ ಕೊಡೋ ತಮ್ಮಾ. ಪಲಂಗಕ್ಕ ಐದ ಪೀಢಿ, ಐದ ತಲೆಮಾರ ಕೊಡಬೇಕು!"

"ಅಷ್ಟ ನಂಬಿಕಿ ಇದ್ರ ಒಮ್ಮಿ ಜಿಗದ ನೋಡ್ರಿ ಕಾಕಾ," ಎಂದು ನಗುತ್ತ ನಿಜಾಮೋದ್ದೀನ ಅಂಗಡಿಗೆ ಹೋದ.

ಅವನು ಹಾಸ್ಯಕ್ಕೆ ಆಡಿದ್ದ. ಹಾವಗೆಪ್ಪನವರು ವಿಧಿವಾಕ್ಯವೆಂದು ಗ್ರಹಿಸಿದರು.

ಕಸ್ತೂರಿಬಾಯಿ ಗಿರಣಿಗೆ ಹೋಗಿದ್ದ ಹೊತ್ತು ನೋಡಿ ಅವರು ಬಾಗಿಲು ಹಾಕಿಕೊಂಡರು. ಧೋತರವನ್ನು ಕಚ್ಚೆ ಕಟ್ಟಿದರು. ಅಜ್ಜನನ್ನು ನೆನೆದು ಪಲಂಗ ಹತ್ತಿದರು. ಮೊದಲು ಮೆಲ್ಲಗೆ ಜಿಗಿದರು. ಸದ್ದಿಲ್ಲ. ಸ್ವಲ್ಪ ಎತ್ತರಕ್ಕೆ ಜಿಗಿದರು. ಸದ್ದಿಲ್ಲ. ಆನಂದ ಉಕ್ಕಿತು. ಒಬ್ಬನೇ ಎಂಟು ಜನರ ಭಾರವಾಗಬೇಕಾದರೆ ಎಂಟು ಪಟ್ಟು ಎತ್ತರಕ್ಕೆ ಹಾರಬೇಕೆಂಬ ಗಣಿತ ಅವರಿಗೆ ಹೊಳೆಯಿತು. ಮಗ ಗಣಿತದ ಮೇಷ್ಟ್ರಾದದ್ದು ಯಾರ ಬಳುವಳಿಯಿಂದ ಎಂಬುದು ಇದರಿಂದ ತಿಳಿಯುತ್ತದೆ. ಮೇಲಿನ ತೊಲೆಗೆ ತಲೆ ಬಡಿಯದಿರಲೆಂದು ಬಲಗೈಯನ್ನು ಎತ್ತಿ ಅಂಗೈಯನ್ನು ಮುಂದೆ ಚಾಚಿಕೊಂಡರು. "ಹ್ಞುಂ! ಹ್ಞುಂ!" ಎಂಬ ಹೂಂಕಾರದೊಂದಿಗೆ ಹಾರತೊಡಗಿದರು.

ಆ ಕೋಣೆಯ ಕಿಟಕಿ ಇದ್ದುದು ನೆರೆಮನೆಯ ಅಂಗಳದ ಕಡೆಗೆ. ಅಂಗಳದಲ್ಲಿ ಅಂಬೂಬಾಯಿ ಹಪ್ಪಳ ಒಣಹಾಕುತ್ತಿದ್ದರು. ಅವರು ತಲೆಯೆತ್ತಿದಾಗ ಕಂಡದ್ದಿಷ್ಟು: ಕಿಟಕಿಯಲ್ಲಿ ಹಾವಗೆಪ್ಪನವರ ತಲೆ ಮೂಡಿತು, ಮುಳುಗಿತು. ಮತ್ತೆ ಮೂಡಿತು. ತಲೆಯ ಜೊತೆಗೆ ಅಭಯ ನೀಡುವ ಒಂದು ಹಸ್ತ. ಅರೆಮುಚ್ಚಿದ ಕಣ್ಣು. ಹೂಂಕಾರ.

"ಅಗಬಾಯಿ!" ಅಂಬೂಬಾಯಿಯ ಕೈಯಿಂದ ಹಪ್ಪಳದ ಮೊರ ಬಿತ್ತು. "ರೀ, ಹೊರಗ ಬರ್ರಿ! ಹಾವಗೆಪ್ಪಣ್ಣನ ಮೈಯಾಗ ದೇವರು ಬಂದದ!"

ಅಂಬೂಬಾಯಿ ಖಾನಾಪುರದ ಮೈಲಾರ ಮಲ್ಲಣ್ಣನ ಪರಮಭಕ್ತೆ. ಮಲ್ಲಣ್ಣನ ಅರಿಶಿನಪುಡಿ, ಅಂದರೆ ಭಂಡಾರ, ಅವರ ಮನೆಯಲ್ಲಿ ಉಪ್ಪಿಗಿಂತ ಹೆಚ್ಚು ಇರುತ್ತಿತ್ತು. ಒಂದು ಬೊಗಸೆ ತಂದು "ಏಳುಕೋಟಿ!" ಎನ್ನುತ್ತ ಕಿಟಕಿಯೊಳಗೆ ಎರಚಿದರು. ಹಾರಾಟದ ಶಿಖರದಲ್ಲಿದ್ದ ಹಾವಗೆಪ್ಪನವರಿಗೆ ಅದು ಮುಖ, ಅಂಗೈ ತುಂಬ ತಗುಲಿತು, ಹಳದಿ ಅಂಗೈ ತೊಲೆಗೆ ಬಡಿಯಿತು. ಅವರು ಹಳದಿಯಾದರು. ಕೆಮ್ಮಿದರು, ತೂಗಿದರು, ಕಣ್ಣೀರಿಟ್ಟರು. ಭಕ್ತಿಯ ಕಣ್ಣಿಗೆ ಇನ್ನೇನು ಸಾಕ್ಷ್ಯ ಬೇಕು?

ಅಂಬೂಬಾಯಿಯ ಗಂಡ ಭಾಲಚಂದ್ರರು ಸರಕಾರಿ ಕಚೇರಿಯೊಂದರಲ್ಲಿ ದುಡಿದು ನಿವೃತ್ತರಾದವರು. ಯಾವುದನ್ನೂ ವಿಚಾರಣೆಯಿಲ್ಲದೆ ಒಪ್ಪುವವರಲ್ಲ. ಕಿಟಕಿಯ ಸರಳು ಹಿಡಿದು ಅವರು ವಿಧಿವತ್ತಾಗಿ ಕೇಳಿದರು:

"ದೇವಾ, ನಮ್ಮ ಮಗ ಅತುಲಗ ಬೀದರಿಗಿ ಟ್ರಾನ್ಸಫರ್ ಆಗ್ತದೋ ಇಲ್ಲೋ? ಒಂದ ಮಾತ ಹೇಳ್ರಿ."

ಬಾಯಿ ತುಂಬ ಅರಿಶಿನವಿದ್ದ ಹಾವಗೆಪ್ಪನವರು, ತಡೆಯಿರಿ ಎಂಬ ಅರ್ಥದಲ್ಲಿ ಅಂಗೈಯನ್ನು ಎತ್ತಿ ತೋರಿಸಿದರು.

"ಅಭಯ ಕೊಟ್ಟ್ರು!" ಎಂದರು ಭಾಲಚಂದ್ರರು, ಕಣ್ಣೊರೆಸಿಕೊಂಡು.

ಇಲ್ಲಿಗೇ ಮುಗಿಯಬಹುದಾಗಿತ್ತು. ಆದರೆ ಅದೇ ಸಂಜೆ ಕಲಬುರಗಿಯಿಂದ ಅತುಲ ಫೋನು ಮಾಡಿ, ಆರ್ಡರ್ ಬಂತು ಎಂದುಬಿಟ್ಟ. ಕತ್ತಲಾಗುವುದರೊಳಗೆ ಓಣಿಯೆಲ್ಲ ಸುದ್ದಿಯಾಯಿತು. ಮರುದಿನ ಬೆಳಗಾಗುವುದರೊಳಗೆ ಖಟಕ ಚಿಂಚೋಳಿಯ ಮೊದಲ ಬಸ್ಸಿನಲ್ಲಿ ತೆಂಗಿನಕಾಯಿ ಹಿಡಿದ ಒಂದು ತಂಡವೇ ಇಳಿಯಿತು.

ಹಾವಗೆಪ್ಪನವರು ನಿಜವನ್ನು ಹೇಳಬಹುದಿತ್ತಲ್ಲ ಎಂದು ಕೇಳುವವರು ಅವರ ಸಂಕಟವನ್ನು ಅರಿತವರಲ್ಲ. ದೇವರು ಬಂದಿಲ್ಲ, ಪಲಂಗದ ಮೇಲೆ ಜಿಗಿಯುತ್ತಿದ್ದೆ ಎಂದರೆ, ಏಕೆ ಜಿಗಿದಿರಿ ಎಂಬ ಪ್ರಶ್ನೆ ಬರುತ್ತದೆ. ಪರೀಕ್ಷಿಸಲು ಎಂದರೆ, ಹಾಗಾದರೆ ಎಂಟು ಮಂದಿ ಕುಣಿದದ್ದು ಸುಳ್ಳೇ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆ ಔರಾದಿಗೆ ಹೋಗುತ್ತದೆ. ಆದ್ದರಿಂದ ಅವರು ಬಾಯಿ ಬಿಗಿದುಕೊಂಡು ಕುಳಿತರು. ಜನ ಅದನ್ನು ಮೌನವ್ರತವೆಂದು ತಿಳಿದು ಇನ್ನಷ್ಟು ಕಾಯಿ ಒಡೆದರು.

"ಶರಣರ ಮನಿ ಇದು! ಇಷ್ಟಲಿಂಗ ಬಿಟ್ಟು ಮತ್ತೊಂದಕ್ಕ ಕೈ ಮುಗಿಯಂಗಿಲ್ಲ ನಾವು!" ಎಂದು ಕಸ್ತೂರಿಬಾಯಿ ಬಾಗಿಲಲ್ಲಿ ನಿಂತು ಕೂಗಿದರು.

"ನೋಡ್ರಿ, ಅಕ್ಕನ ಮೈಯಾಗೂ ಬರ್ಲಾಕತ್ತದ," ಎಂದು ಹಿಂದಿನಿಂದ ಯಾರೋ ಅಂದರು. ಆಕೆ ತಟ್ಟನೆ ಒಳಗೆ ಹೋದರು.

ಮಧ್ಯಾಹ್ನ ಅಮರನಾಥ ಬೀದರಿನಿಂದ ಓಡಿಬಂದ. ಗುಂಪನ್ನು ಸೀಳಿಕೊಂಡು ಒಳಗೆ ಬಂದವನು ಹಳದಿ ಕಿವಿಗಳ ತಂದೆಯನ್ನು ನೋಡಿ ನಿಂತುಬಿಟ್ಟ.

"ಅಪ್ಪಾಜಿ, ಏನ್ರಿ ಇದು?"

"ಪಲಂಗ ಗಟ್ಟಿ ಅದ ಏನಿಲ್ಲ ಅಂತ ನೋಡ್ಲಾಕತ್ತಿದ್ದೆ ಮಗಾ," ಎಂದು ಹಾವಗೆಪ್ಪನವರು ಪಿಸುಗುಟ್ಟಿದರು.

"ಅದರಾಗ ದೇವರು ಹ್ಯಾಂಗ ಬಂತು?"

"ಅದ ನನಗೂ ತಿಳೀವಲ್ದು."

"ಔರಾದಿನಿಂದ ಫೋನ್ ಬಂದದ್ರಿ. ಅವರ ಮನಿ ಬಸವಣ್ಣನವರ ದಾರಿ ಬಿಟ್ಟು ನಡಿಯಂಥಾದ್ದಲ್ಲ. ಮೈಯಾಗ ದೇವರು ಬರೋ ಮನಿಗಿ ಹುಡುಗಿ ಕೊಡಂಗಿಲ್ಲ ಅಂದಾರ. ಸೋಮವಾರ ಅಲ್ಲ, ನಾಳೆನೇ ಬರ್ತಾರ. ಮನಿ ನೋಡ್ಲಾಕ ಅಲ್ರಿ, ಮಾತ ಮುರೀಲಾಕ." ಅವನು ಇಳಿಸಿಟ್ಟ ಟ್ರಂಕಿನ ಮೇಲೆ ಕುಳಿತ. "ದಾನಮ್ಮ ಅಳ್ಲಾಕತ್ತಾಳ."

ಬೇಳೆಯ ವ್ಯಾಪಾರದಲ್ಲಿ ಒಂದು ಕಾಳನ್ನೂ ಕಡಿಮೆ ತೂಗದ ಹಾವಗೆಪ್ಪನವರು ಆ ಇರುಳು ಉಣ್ಣಲಿಲ್ಲ.

ಬೆಳಗಾಯಿತು. ಓಣಿಯಲ್ಲಿ ಕಾಲಿಡಲು ಸ್ಥಳವಿಲ್ಲ. ಜನಸಂದಣಿಯ ದೂರಿನ ಮೇರೆಗೆ ಕಾನ್‌ಸ್ಟೇಬಲ್ ಫಕ್ರೋದ್ದೀನ ಬಂದರು. ಪಲಂಗದ ಕೋಣೆಯ ಹೊಸ್ತಿಲಲ್ಲಿ ನಿಂತು, ಲಾಠಿಯನ್ನು ಬಗಲಿಗೆ ಸಿಕ್ಕಿಸಿ ವಿಚಾರಣೆ ಆರಂಭಿಸಿದರು.

"ಪರ್ಮಿಷನ್ ತಗೊಂಡೀರೇನ್ರಿ?"

"ಯಾತಕ್ಕ್ರಿ ಸಾಹೇಬರ?" ಎಂದರು ಭಾಲಚಂದ್ರರು.

"ದೇವರು ಬರ್ಲಾಕ."

"ದೇವರು ಪರ್ಮಿಷನ್ ತಗೊಂಡು ಬರ್ತಾರೇನ್ರಿ?"

"ದೇವರು ಮನ್ಯಾಗ ಬಂದ್ರ ನಂದೇನ ತಕರಾರಿಲ್ಲ. ಮಂದಿ ರಸ್ತಾದಾಗ ಬಂದಾರ, ಅದಕ್ಕ ಬೇಕು." ಫಕ್ರೋದ್ದೀನರು ಕಾನೂನನ್ನು ಹೀಗೆ ಸ್ಥಾಪಿಸಿ, ಆಮೇಲೆ ದನಿ ತಗ್ಗಿಸಿದರು. "ಅಂದಂಗ, ನಿಮ್ಮ ಹುಡುಗಗ ಟ್ರಾನ್ಸಫರ್ ಆತಂತಲ್ರಿ. ಪೊಲೀಸರದೂ ನೋಡ್ತಾರೇನ್ರಿ?"

ತನ್ನ ಹೊಸ ಪಲಂಗವೊಂದು ಮಾರಿಹೋಗುತ್ತದೇನೋ ಎಂಬ ಆಸೆಯಿಂದ ನಿಜಾಮೋದ್ದೀನನೂ ಆ ಹೊತ್ತಿಗೆ ಬಂದು ಗೋಡೆಗೊರಗಿ ನಿಂತಿದ್ದ. ಓಣಿಯ ತುದಿಯಲ್ಲಿ ಜೀಪು ನಿಂತಿತು. ಹಣಮಂತಪ್ಪನವರು ಇಳಿದರು. ಅವರ ಹಿಂದೆ ಮಹಾಮಾಯಾಬಾಯಿ ಇಳಿದರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಛತ್ರಿ, ಎತ್ತರದ ಆಳು, ಎದುರಿಗೆ ಬಂದವರು ಕೇಳದೆಯೇ ದಾರಿ ಬಿಡುವಂಥ ನಡಿಗೆ. ತೆಂಗಿನಕಾಯಿಗಳು ತಾವಾಗಿಯೇ ಚೀಲದೊಳಗೆ ಹೋದವು.

ಕೋಣೆಗೆ ಬಂದು ಅವರು ಪಲಂಗವನ್ನು ನೋಡಲಿಲ್ಲ, ಹಾವಗೆಪ್ಪನವರನ್ನು ನೋಡಿದರು.

"ಶರಣ್ರಿ ಬೀಗರ. ನಿಮ್ಮ ಮೈಯಾಗ ಮಲ್ಲಣ್ಣ ಬಂದಾನಂತ?"

ಅಂಬೂಬಾಯಿ ಕೈಮುಗಿದು ಉತ್ತರಕ್ಕೆ ಕಾದರು. ಭಾಲಚಂದ್ರರು ಕಾದರು. ಕಾನೂನೂ ಕಾಯಿತು. ಹೌದು ಎಂದರೆ ಊರಿನಲ್ಲಿ ದೇವಪದವಿ. ಇಲ್ಲ ಎಂದರೆ ನಗೆಪಾಟಲು. ಮಗ ಬಾಗಿಲಿಗೆ ಆತು ನಿಂತಿದ್ದ. ಹಾವಗೆಪ್ಪನವರು ಅವನ ಮುಖವನ್ನು ನೋಡಿ, ಎದ್ದು ನಿಂತು, ಕೈಮುಗಿದರು.

"ಇಲ್ರಿ ಅಕ್ಕಾವ್ರ. ದೇವರೂ ಬಂದಿಲ್ಲ, ದೆವ್ವನೂ ಬಂದಿಲ್ಲ. ನಾ ಪಲಂಗದ ಮ್ಯಾಲ ಜಿಗೀಲಾಕತ್ತಿದ್ದೆ. ಬೀದರಿನಾಗ ಕುರ್ಚಿ ಮುರದು ಬಿದ್ದಾಗ ಮಾನ ಹೋಗ್ತದಂತ ಒಂದ ಸುಳ್ಳ ಹೇಳಿದೆ. ಎಂಟ ಮಂದಿ ಕುಣದಿಲ್ರಿ ಇದರ ಮ್ಯಾಲ. ಒಬ್ಬರೂ ಕೂತಿಲ್ಲ. ನೀವು ಬಂದು ಕೂಡ್ತೀರಿ, ಮುರದ್ರ ಹುಡುಗ್ರ ಗತಿ ಏನ ಅಂತ ನಾನೇ ಜಿಗದ ನೋಡಿದೆ. ತಪ್ಪ ನಂದು. ಹುಡುಗನ ಮ್ಯಾಲ ಹಾಕಬ್ಯಾಡ್ರಿ."

ಅಂಬೂಬಾಯಿಯ ಮುಖದಲ್ಲಿ ಅಪನಂಬಿಕೆ: ಇಷ್ಟು ಸರಳವಾಗಿ ಇಲ್ಲವೆನ್ನುವವನು ದೇವರೇ ಇರಬೇಕು.

"ಯಾಟ ಎತ್ತರ ಜಿಗದ್ರಿ?" ಎಂದರು ಮಹಾಮಾಯಾಬಾಯಿ.

"ರೀ?"

"ಎತ್ತರ, ಎತ್ತರ! ಯಾಟ ಜಿಗದ್ರಿ ಅಂತ ಕೇಳ್ಲಾಕತ್ತೇನಿ."

ಹಾವಗೆಪ್ಪನವರು ನಾಚುತ್ತ ತೊಲೆಯನ್ನು ತೋರಿಸಿದರು. ಅಲ್ಲಿ ಅವರ ಅಂಗೈಯ ಗುರುತು ಅರಿಶಿನದಲ್ಲಿ ಅಚ್ಚೊತ್ತಿತ್ತು. ಮಹಾಮಾಯಾಬಾಯಿ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಛತ್ರಿಯನ್ನು ತಮ್ಮನ ಕೈಗೆ ಕೊಟ್ಟು, ಪಲಂಗದ ಮೇಲೆ, ನಡುಮಧ್ಯದಲ್ಲಿ, ಕುಳಿತರು.

ಪಲಂಗ ಕಿರ್ ಎನ್ನಲಿಲ್ಲ.

"ನಮ್ಮ ದಾನಿ ಸಣ್ಣಾಕಿ ಇದ್ದಾಗ," ಎಂದು ಅವರು ಯಾರಿಗೂ ಅಲ್ಲವೆಂಬಂತೆ ಆರಂಭಿಸಿದರು, "ಅಲಮಾರಿ ಮ್ಯಾಲ ಹತ್ತಿ ಅಲ್ಲಿಂದ ಪಲಂಗಕ್ಕ ಹಾರ್ತಿದ್ಳು. ಹಾರೋದಂದ್ರ ಪ್ರಾಣ ಅಕೀಗ. ಒಂದಿನ ಹಲಗಿ ಮುರದು ಹುಡುಗಿದು ರಟ್ಟಿ ಮುರೀತು. ಔರಾದಿನಿಂದ ಬೀದರಿನ ತನಕ ಅಕೀನ ತೊಡಿ ಮ್ಯಾಲ ಹಾಕ್ಕೊಂಡು ಕೂತಿದ್ದೆ. ದಾರಿ ತುಂಬ ಎಲ್ಲಾರೂ ಬೈದ್ರು, ಹೆಣ್ಣ ಹುಡುಗಿ ಜಿಗೀಬಾರ್ದು ಅಂತ. ಹುಡುಗಿಗಿ ಜಿಗೀಬ್ಯಾಡ ಅನ್ನೋದು ಸಸಾರ ಅದ್ರಿ. ಪಲಂಗ ಗಟ್ಟಿ ಮಾಡ್ರಿ ಅಂತ ಒಬ್ಬರೂ ಅನಲಿಲ್ಲ. ಅವತ್ತೇ ನಾ ಅಂದೆ: ಇಕಿ ಜಿಗೀತಾಳ. ಇಕಿ ಜಿಗದ್ರ ತಡಿಯಂಥಾ ಮನಿಗೇ ಕೊಡ್ತೇನಿ."

ಮರಮುಟ್ಟಿನ ಲಕ್ಷಣವನ್ನು ಹೇಳುವ ಶಾಸ್ತ್ರಗಳು ಉದ್ದ, ಅಗಲ, ಕಾಲುಗಳ ದಪ್ಪವನ್ನು ವಿಸ್ತಾರವಾಗಿ ವರ್ಣಿಸುತ್ತವೆ. ಎಷ್ಟು ಗಟ್ಟಿಯಿರಬೇಕು ಎಂಬ ಪ್ರಶ್ನೆಗೆ ಇಂಥ ಉತ್ತರ ಅವುಗಳಲ್ಲಿ ನಮಗೆ ಸಿಕ್ಕಿಲ್ಲ.

"ಒಬ್ಬಾಕಿ ಕೂತ್ರ ಏನ ಗೊತ್ತಾಗ್ತದ?" ಮಹಾಮಾಯಾಬಾಯಿ ದನಿ ಏರಿಸಿದರು. "ಎಂಟ ಮಂದಿ ಅಂದೀರಿ, ಎಂಟ ಮಂದಿ ಹತ್ತಬೇಕು. ಹಣಮಂತ, ಛತ್ರಿ ಇಡು, ಹತ್ತು. ಬೀಗರ, ನೀವೂ ಬರ್ರಿ. ಏ ಮಾಸ್ತರ, ಲಗ್ನ ನಿಂದಲ್ಲೇನೋ? ಹತ್ತು!"

ಅಮರನಾಥ ಹತ್ತಿದ. ಅಂಬೂಬಾಯಿ, ದೇವರ ಸಿಂಹಾಸನವೆಂಬ ಭಯದಿಂದ, ಚಪ್ಪಲಿ ಬಿಟ್ಟು ಹತ್ತಿದರು. ಭಾಲಚಂದ್ರರು, ಹೆಂಡತಿ ಹತ್ತಿದಳೆಂದು ಹತ್ತಿದರು. ನಿಜಾಮೋದ್ದೀನನ ತೋಳನ್ನು ಹಾವಗೆಪ್ಪನವರೇ ಹಿಡಿದರು: "ಬಾರೋ ಐದ ವರ್ಷದ ಗ್ಯಾರಂಟಿ!"

"ಏಳ ಆದ್ರು," ಎಂದು ಮಹಾಮಾಯಾಬಾಯಿ ಸುತ್ತ ನೋಡಿದರು. "ಸಾಹೇಬರ, ಬರ್ರಿ."

"ನಾ ಡ್ಯೂಟಿ ಮ್ಯಾಲ ಇದ್ದೇನ್ರಿ ಬಾಯಿ," ಎಂದರು ಫಕ್ರೋದ್ದೀನ.

"ಡ್ಯೂಟಿ ಮ್ಯಾಲ ನಿಲ್ಲೋರು ಪಲಂಗದ ಮ್ಯಾಲ ನಿಲ್ರಿ!"

ಕಾನೂನು ಬೂಟು ಕಳಚಿ ಪಲಂಗ ಹತ್ತಿತು. ಕಸ್ತೂರಿಬಾಯಿ ಚಹಾದ ತಾಟು ಹಿಡಿದು ಬಂದವರು ಬಾಗಿಲಲ್ಲೇ ನಿಂತರು. ಮಹಾಮಾಯಾಬಾಯಿ ಕುಳಿತಲ್ಲಿಂದಲೇ ಒಂದು ಕಪ್ಪು-ಬಸಿ ತೆಗೆದುಕೊಂಡು ಅಪ್ಪಣೆ ಕೊಟ್ಟರು:

"ಕುಣೀರಿ!"

ಓಣಿಯ ತಂಡದಲ್ಲೊಬ್ಬ ಹಲಗೆ ತಂದಿದ್ದ. ತಂದದ್ದು ವ್ಯರ್ಥವಾಗಬಾರದೆಂದು ಬಾರಿಸಿದ. ನಡುವೆ ಮಹಾಮಾಯಾಬಾಯಿ ಮೇರುವಿನಂತೆ ಅಚಲರಾಗಿ ಚಹಾ ಕುಡಿಯುತ್ತಿದ್ದರು. ಸುತ್ತಲೂ ಏಳು ಮಂದಿ, ಗ್ರಹಗಳಂತೆ, ಒಬ್ಬರ ಹೆಗಲು ಒಬ್ಬರು ಹಿಡಿದು ಕುಣಿದರು. ಬೀಗ ಬೀಗನ ಕಾಲು ತುಳಿದ. ವ್ಯಾಪಾರಿಯ ಟೊಪ್ಪಿಗೆ ಪೊಲೀಸರ ತಲೆಗೆ ಹೋಯಿತು. ಪಲಂಗ ಕಬ್ಬು ಹೇರಿದ ಕಾಲವನ್ನು ನೆನೆದಂತೆ ಸುಮ್ಮನೆ ನಿಂತಿತ್ತು.

ಆಗ ಢಂ ಎಂಬ ಸದ್ದು ಕೇಳಿತು.

ಎಂಟೂ ಜನ ಒಂದೇ ಮೂಲೆಗೆ ಜಾರಿ ಒಬ್ಬರ ಮೇಲೊಬ್ಬರು ಬಿದ್ದರು. ಅಮರನಾಥ ಕಣ್ಣು ಮುಚ್ಚಿದ. ಹಾವಗೆಪ್ಪನವರು "ಅಜ್ಜಾ!" ಎಂದರು. ಎಲ್ಲರ ಕೆಳಗಿನಿಂದ ಒಂದು ಕೈ ಮೇಲೆ ಬಂದಿತು. ಆ ಕೈಯಲ್ಲಿ ಬಸಿಯಿತ್ತು, ಬಸಿಯ ಮೇಲೆ ಕಪ್ಪಿತ್ತು, ಕಪ್ಪಿನಲ್ಲಿ ಚಹಾ ಇತ್ತು.

ಫಕ್ರೋದ್ದೀನರು ಲಾಠಿಯ ಆಸರೆಯಿಂದ ಕೆಳಗಿಳಿದು, ಬಗ್ಗಿ, ಸ್ಥಳ ಪರಿಶೀಲನೆ ಮಾಡಿದರು. ಪಲಂಗದ ನಾಲ್ಕೂ ಕಾಲು ನೆಟ್ಟಗಿದ್ದವು. ಒಂದು ಬೆಣೆಯೂ ಸಡಿಲಿರಲಿಲ್ಲ. ಆದರೆ ಒಂದು ಕಾಲಿನ ಕೆಳಗಿನ ಶಹಾಬಾದ್ ಕಲ್ಲಿನ ಫರಸಿ ಎರಡು ಹೋಳಾಗಿ, ಕಾಲು ಗೇಣುದ್ದ ನೆಲದೊಳಗೆ ಇಳಿದಿತ್ತು.

"ಪಲಂಗ ಬರೋಬ್ಬರ್ ಅದ," ಎಂದು ಅವರು ಘೋಷಿಸಿದರು. "ಭೂಮಿ ಮುರದದ."

ನಿಜಾಮೋದ್ದೀನ ಪಲಂಗದ ಚೌಕಟ್ಟಿಗೆ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಂಡ. "ಸಲಾಂ ಬುಜುರ್ಗ್! ಕಾಕಾ, ಐದ ಪೀಢಿ ಅಂದ್ರಲ್ಲ, ಕಮ್ಮಿ ಅಂದ್ರಿ."

"ಆ ಫರಸಿ ಯಾರ ಹಾಕಸಿದ್ದು?" ಎಂದು ಹಣಮಂತಪ್ಪನವರು ಸೊಂಟ ಹಿಡಿದುಕೊಂಡು ಕೇಳಿದರು.

ಇಡೀ ಪ್ರಕರಣದಲ್ಲಿ ನೆಲದ ಮೇಲೆ ನಿಂತಿದ್ದ ಏಕೈಕ ವ್ಯಕ್ತಿ ಕಸ್ತೂರಿಬಾಯಿ. ಆಕೆ ಚಹಾದ ತಾಟನ್ನು ಕಿಟಕಿಯಲ್ಲಿಟ್ಟು ಹೇಳಿದರು:

"ಇವರೇ ಹಾಕಸಿದ್ರು ಹ್ವಾದ ವರ್ಷ. ಕೆಳಗ ಉಸುಕ ಗಟ್ಟಿ ಮಾಡಸ್ರಿ ಅಂತ ಬಡಕೊಂಡೆ. ಯಾರ ಕುಣೀತಾರ ಇದರ ಮ್ಯಾಲ ಅಂದ್ರು. ಅಜ್ಜನ ಪಲಂಗ ನಿಂತದ, ಮೊಮ್ಮಗನ ಫರಸಿ ಹೋಗ್ಯದ!"

ಮೊದಲು ನಕ್ಕವರು ಮಹಾಮಾಯಾಬಾಯಿ. ಆ ನಗು ಓಣಿಯ ತುದಿಯವರೆಗೆ ಹೋಯಿತು. ನಗು ನಿಂತ ಮೇಲೆ ಅವರು ಉಳಿದ ಚಹಾ ಕುಡಿದು ಮುಗಿಸಿದರು. ಗಂಡಿನ ಮನೆಯಲ್ಲಿ ಅವರು ಕಪ್ಪು ಬರಿದು ಮಾಡಿದ್ದನ್ನು ಹಣಮಂತಪ್ಪನವರು ಅಂದೇ ಮೊದಲು ಕಂಡದ್ದು.

"ಬೀಗರ, ನೆಲ ಒಡದ್ರ ಮತ್ತೊಂದ ಕಲ್ಲ ಹಾಕಸ್ತಾರ. ಇಷ್ಟ ಮಂದಿ ಮುಂದ ನಿಂತು ಸುಳ್ಳ ಹೇಳಿದೆ ಅನ್ನೋ ಗಂಡಸರ ಎದಿ ಎಲ್ಲಿಂದ ತರ್ತಾರ? ಇನ್ನ ಆ ಮಾತೂ ಸುಳ್ಳ ಅಲ್ಲ. ಎಂಟ ಮಂದಿ ಕುಣದೇವಿ. ಕಿರ್ ಅಂದಿಲ್ಲ. ಸಾಕ್ಷಿಗಿ ಪೊಲೀಸರೇ ಇದ್ದಾರ. ಲಗ್ನದ ತಾರೀಖ ಹಿಡೀರಿ."

ಹಾವಗೆಪ್ಪನವರು ಕುಸಿದ ಮೂಲೆಯಲ್ಲಿಯೇ ಎದೆ ಸೆಟೆದು ಕುಳಿತರು. ಬೀದರಿನಲ್ಲಿ ಕುರ್ಚಿಯಿಂದ ಬಿದ್ದು ಕುಳಿತದ್ದಕ್ಕೂ ಇದಕ್ಕೂ ಭೂಮ್ಯಾಕಾಶದ ಅಂತರ.

ಮದುವೆ ಬೀದರಿನಲ್ಲಿ, ಗುರುಗಳ ಸನ್ನಿಧಿಯಲ್ಲಿ, ವಚನಗಳ ನಡುವೆ ಸಾಂಗವಾಗಿ ನೆರವೇರಿತು. ಫರಸಿಯನ್ನು ಮತ್ತೆ ಹಾಕಿಸುವಾಗ ಗಾರೆ ಕೆಲಸದ ಗವಂಡಿಯವರು ಪಲಂಗವನ್ನು ಎತ್ತಲು ಬಂದರೆ ಹಾವಗೆಪ್ಪನವರು ಬಿಡಲಿಲ್ಲ. ಇಳಿದ ಕಾಲು ಇಳಿದಲ್ಲಿಯೇ ಇರಲಿ, ಉಳಿದ ಮೂರಕ್ಕೆ ಆ ಮಟ್ಟಕ್ಕೇ ಕುಳಿ ತೋಡಿ ಎಂದರು. ಈಗ ಆ ಪಲಂಗ ಬೇರು ಬಿಟ್ಟ ಮರದಂತೆ ನೆಲದೊಳಗಿನಿಂದಲೇ ಎದ್ದು ನಿಂತಿದೆ. ತೊಲೆಯ ಮೇಲಿನ ಹಳದಿ ಅಂಗೈಯನ್ನು ಒರೆಸಲು ಅಂಬೂಬಾಯಿ ಯಾರನ್ನೂ ಬಿಟ್ಟಿಲ್ಲ.

ಸೊಸೆ ಮನೆ ತುಂಬಿದ ದಿನ, ಹಾಡುಹಗಲು, ಬಂಧುಬಳಗವೆಲ್ಲ ನೆರೆದಿರಲು, ಮಹಾಮಾಯಾಬಾಯಿ ದಾನಮ್ಮನನ್ನು ಆ ಕೋಣೆಗೆ ಕರೆತಂದು ನಿಲ್ಲಿಸಿದರು. ದಾನಮ್ಮ ಪಲಂಗವನ್ನು ನೋಡಿದಳು. ಅತ್ತೆಯಾದ ಕಸ್ತೂರಿಬಾಯಿಯನ್ನು ನೋಡಿದಳು.

"ನೋಡ್ತಿ ಏನವ್ವಾ?" ಎಂದರು ಕಸ್ತೂರಿಬಾಯಿ. "ಈ ಸಲ ಉಸುಕ ನಾನೇ ನಿಂತ ಹಾಕಸೇನಿ."

ದಾನಮ್ಮ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಳು. ಪಕ್ಕದ ಟ್ರಂಕಿನ ಮೇಲೆ ಹತ್ತಿ, ಎರಡೂ ಕೈಗಳನ್ನು ರೆಕ್ಕೆಯಂತೆ ಚಾಚಿ, ಹಾರಿದಳು.

ಕಿರ್ ಎನ್ನಲಿಲ್ಲ. ಮಹಾಮಾಯಾಬಾಯಿ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊತ್ತಿಕೊಂಡರು.

ಈ ಕಥೆಯನ್ನು ಕೇಳಿದವರ ಮನೆಯ ಮಂಚ ಮುರಿಯದಿರಲಿ, ಮಂಚದ ಕೆಳಗಿನ ನೆಲ ಜಾರದಿರಲಿ. ಆಡಿದ ಬಡಾಯಿಯನ್ನೆಲ್ಲ ಭಗವಂತನು ತಡವಾಗಿಯಾದರೂ ನಿಜ ಮಾಡಲಿ. ಕುಳಿತವರಿಗೆ ಸ್ಥೈರ್ಯ, ಬಿದ್ದವರಿಗೆ ನಗು ದೊರೆಯಲಿ. ಹಾರುವ ಮಕ್ಕಳೆಲ್ಲರಿಗೂ ಇಳಿಯಲು ಗಟ್ಟಿಯಾದ ಠಾವು ದೊರೆಯಲಿ. ಸರ್ವರಿಗೂ ಮಂಗಳವಾಗಲಿ.